ಜಾರುಸ್ಕಿ: ಟಾಟ್ರಾ ಪರ್ವತದ ರಕ್ಷಾದಳಕ್ಕೆ ಪ್ರತಿಜ್ಞೆ ಕೊಟ್ಟ ಧೀಮಂತ

ಪೋಲೆಂಡಿನ ದಕ್ಷಿಣ ಗಡಿಯ ಟಾಟ್ರಾ ಪರ್ವತಶ್ರೇಣಿಯಲ್ಲಿ ದಾರಿ ತಪ್ಪಿದವರನ್ನು, ಕಮರಿಗೆ ಬಿದ್ದವರನ್ನು ಹುಡುಕಿ ತರುವ ಸ್ವಯಂಸೇವಾ ರಕ್ಷಣಾ ದಳಕ್ಕೆ ನೂರು ವರ್ಷ ಮೀರಿದ ಇತಿಹಾಸವಿದೆ. ಆ ದಳವನ್ನು ಕಟ್ಟಿ, ಅದರ ಮೊದಲ ಮುಖ್ಯಸ್ಥರಾದವರು ಮಾರಿಯುಶ್ ಜಾರುಸ್ಕಿ.

ಜಾರುಸ್ಕಿ ಜನಿಸಿದ್ದು 1867ರಲ್ಲಿ, ಅಂದು ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ ಪೊಡೋಲಿಯಾ ಪ್ರಾಂತ್ಯದಲ್ಲಿ. ಒಡೆಸ್ಸಾದಲ್ಲಿ ವಿದ್ಯಾರ್ಥಿಯಾಗಿದ್ದಾಗ ಸಮುದ್ರ ಅವರನ್ನು ಸೆಳೆಯಿತು. ಪೋಲಿಷ್ ಸ್ವಾತಂತ್ರ್ಯ ಚಟುವಟಿಕೆಗಾಗಿ ರಷ್ಯಾ ಸರ್ಕಾರ ಅವರನ್ನು ದೂರದ ಅರ್ಖಾಂಗೆಲ್ಸ್ಕ್‌ಗೆ ಗಡೀಪಾರು ಮಾಡಿತು. ಅವರು ಅಲ್ಲಿಯೇ ನಾವಿಕ ವಿದ್ಯೆ ಕಲಿತರು. ಮುಂದೆ ಕ್ರಾಕೋವ್‌ನಲ್ಲಿ ಚಿತ್ರಕಲೆ ಅಭ್ಯಸಿಸಿದರು. ಪತ್ನಿಯ ಅನಾರೋಗ್ಯದ ನಿಮಿತ್ತ ಟಾಟ್ರಾ ತಪ್ಪಲಿನ ಜಾಕೋಪಾನೆ ಪಟ್ಟಣಕ್ಕೆ ಬಂದು ನೆಲೆಸಿದ ಮೇಲೆ ಪರ್ವತಾರೋಹಣ ಮತ್ತು ಸ್ಕೀಯಿಂಗ್‌ನಲ್ಲಿ ಹೆಸರು ಮಾಡಿದರು.

ಗೆಳೆಯನ ಸಾವು

ಆಗ ಬೆಟ್ಟದಲ್ಲಿ ಅಪಾಯಕ್ಕೆ ಸಿಲುಕಿದವರನ್ನು ಹುಡುಕಲು ಸಂಘಟಿತ ವ್ಯವಸ್ಥೆ ಇರಲಿಲ್ಲ. ಇಂತಹದೊಂದು ದಳ ಬೇಕೆಂದು ಜಾರುಸ್ಕಿಯೊಂದಿಗೆ ದನಿಗೂಡಿಸಿದವರಲ್ಲಿ ಸಂಗೀತ ಸಂಯೋಜಕ ಮಿಯೆಚಿಸ್ವಾಫ್ ಕಾರ್ವೋವಿಚ್ ಪ್ರಮುಖರು. 1909ರ ಫೆಬ್ರವರಿ 8ರಂದು ಒಬ್ಬರೇ ಸ್ಕೀಯಿಂಗ್‌ಗೆ ಹೋದ ಕಾರ್ವೋವಿಚ್ ಹಿಮಕುಸಿತಕ್ಕೆ ಸಿಕ್ಕಿ ಮೃತಪಟ್ಟರು. ಅವರಿಗಿನ್ನೂ 32 ವರ್ಷ. ಆ ಸಾವು ಎಲ್ಲರನ್ನೂ ಎಚ್ಚರಿಸಿತು. ಅದೇ ವರ್ಷ ಅಕ್ಟೋಬರ್ 29ರಂದು ದಳ ಅಧಿಕೃತವಾಗಿ ನೋಂದಣಿಯಾಯಿತು.

ಸದಸ್ಯರಿಂದ ಜಾರುಸ್ಕಿ ಗೌರವಪೂರ್ವಕ ಪ್ರತಿಜ್ಞೆ ಪಡೆಯುತ್ತಿದ್ದರು. ಋತು, ಹಗಲಿರುಳು, ಹವೆ ಯಾವುದನ್ನೂ ಲೆಕ್ಕಿಸದೆ ಕರೆ ಬಂದೊಡನೆ ಸಜ್ಜಾಗಿ ಹಾಜರಾಗಬೇಕು. ಬೆಟ್ಟದ ಮೇಲೆ ಮುಖ್ಯಸ್ಥರ ಸೂಚನೆಯಂತೆ ನಡೆಯಬೇಕು. ಈ ಎರಡು ಮಾತುಗಳ ನಡುವಿನ ಬಿಕ್ಕಟ್ಟು ಒಂದು ವರ್ಷ ತುಂಬುವ ಮೊದಲೇ ಎದುರಾಯಿತು.

ಮರಳದ ಕ್ಲೀಮೆಕ್

1910ರ ಆಗಸ್ಟ್‌ನಲ್ಲಿ ಕಿರಿಯ ಯಾವೊರೊವಿ ಶಿಖರದ ಉತ್ತರ ಗೋಡೆಯಲ್ಲಿ ಸ್ತಾನಿಸ್ವಾಫ್ ಶುಲಾಕಿಯೆವಿಚ್ ಎಂಬ ಆರೋಹಿ ಬಿದ್ದು ಗಾಯಗೊಂಡಿದ್ದರು. ಜಾರುಸ್ಕಿ ತಂಡದೊಂದಿಗೆ ಹೊರಟರು. ಮಳೆ, ಚಳಿ, ಒದ್ದೆ ಬಂಡೆ. ಮುಂದುವರಿದರೆ ರಕ್ಷಕರೇ ಉಳಿಯುವುದಿಲ್ಲ ಎಂದರಿತು ಅವರು ಹಿಂದಿರುಗಲು ಆಜ್ಞಾಪಿಸಿದರು. ಎಲ್ಲರಿಗಿಂತ ಮೇಲಿದ್ದ, ಅರವತ್ತರ ಆಸುಪಾಸಿನ ಹಿರಿಯ ಮಾರ್ಗದರ್ಶಿ ಕ್ಲೀಮೆಕ್ ಬಾಖ್ಲೆದಾ ಹಿಂದಿರುಗಲಿಲ್ಲ. ಒಬ್ಬರೇ ಮುಂದೆ ಹೋದ ಅವರು ಕಲ್ಲುಕುಸಿತಕ್ಕೆ ಸಿಕ್ಕಿ ಪ್ರಾಣ ತೆತ್ತರು. ಶುಲಾಕಿಯೆವಿಚ್ ಕೂಡ ಬದುಕಲಿಲ್ಲ.

ಕ್ಲೀಮೆಕ್ ಅವರ ತ್ಯಾಗವನ್ನು ಪೋಲೆಂಡ್ ಇಂದಿಗೂ ಸ್ಮರಿಸುತ್ತದೆ. ಆದರೆ ಹಿಂದಿರುಗಿರೆಂದು ಹೇಳಿದ ಮುಖ್ಯಸ್ಥನ ಹೊಣೆಯೂ ಸಣ್ಣದಲ್ಲ. ಉಳಿದ ರಕ್ಷಕರು ಜೀವಸಹಿತ ಮನೆ ಸೇರಿದ್ದು ಆ ಆಜ್ಞೆಯಿಂದಲೇ.

ಮೊದಲ ಮಹಾಯುದ್ಧ ಜಾರುಸ್ಕಿ ಅವರನ್ನು ಅಶ್ವದಳಕ್ಕೆ ಒಯ್ದಿತು. ಸ್ವತಂತ್ರ ಪೋಲೆಂಡಿನಲ್ಲಿ ಅವರು ಜನರಲ್ ಪದವಿಗೇರಿದರು. ನಿವೃತ್ತಿಯ ಬಳಿಕ ಸಮುದ್ರಕ್ಕೆ ಮರಳಿ, 1935ರಿಂದ ಜವಿಶಾ ಚಾರ್ನಿ ಎಂಬ ಹಾಯಿಹಡಗಿನ ಕಪ್ತಾನರಾಗಿ ಸ್ಕೌಟ್ ಬಾಲಕರಿಗೆ ನೌಕಾಯಾನ ಕಲಿಸಿದರು. ಎರಡನೇ ಮಹಾಯುದ್ಧದಲ್ಲಿ ಸೋವಿಯತ್ ಪೊಲೀಸರು ಅವರನ್ನು ಬಂಧಿಸಿದರು. 1941ರ ಏಪ್ರಿಲ್‌ನಲ್ಲಿ, 74ರ ವಯಸ್ಸಿನಲ್ಲಿ, ಖೆರ್ಸೋನ್ ಸೆರೆಮನೆಯಲ್ಲಿ ಅಸುನೀಗಿದರು.

ಇಂದು ಟಾಟ್ರಾ ರಕ್ಷಕರ ಬಳಿ ಹೆಲಿಕಾಪ್ಟರ್ ಇದೆ, ಶ್ವಾನಗಳಿವೆ. ದಳಕ್ಕೆ ಸೇರುವವರು ಮಾತ್ರ ಈಗಲೂ ಜಾರುಸ್ಕಿ ಕಾಲದ ಪ್ರತಿಜ್ಞೆಯನ್ನೇ ಸ್ವೀಕರಿಸುತ್ತಾರೆ.