ಕತ್ತಲನ್ನು ಅರಸಿದ ವೈನು ಬಾಪು

ಬರಿಗಣ್ಣಿಗೆ ಕಾಣದ ಅವಕೆಂಪು, ಅಂದರೆ ಇನ್‌ಫ್ರಾರೆಡ್ ಬೆಳಕು, ದೃಗ್ಗೋಚರ ಬೆಳಕನ್ನು ತಡೆಯುವ ಆಕಾಶದ ಧೂಳನ್ನೂ ಬಹುಮಟ್ಟಿಗೆ ದಾಟಿ ಬರುತ್ತದೆ. ಆದರೆ ಅದನ್ನು ಹಿಡಿಯುವ ಕ್ಯಾಮೆರಾದ ಸ್ವಂತ ಶಾಖವೇ ಸುಳ್ಳು ಸಂಕೇತಗಳನ್ನು ಹುಟ್ಟಿಸುತ್ತದೆ. ಹಾಡಹಗಲಲ್ಲಿ ಮಿಂಚುಹುಳುವನ್ನು ಹುಡುಕಿದಂತೆ! ಆದ್ದರಿಂದ ಅಂತಹ ಕ್ಯಾಮೆರಾವನ್ನು ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವ ದ್ರವ ಸಾರಜನಕದಿಂದ ತಂಪಾಗಿಸುತ್ತಾರೆ. ಸುಮಾರು 4,500 ಮೀಟರ್ ಎತ್ತರದ ಲಡಾಖ್‌ನ ಹಾನ್ಲೆಯಲ್ಲಿರುವ ಎರಡು ಮೀಟರ್ ದೂರದರ್ಶಕಕ್ಕೆ 2013ರಲ್ಲಿ ಇಂತಹ ಉಪಕರಣವೊಂದನ್ನು ಅಳವಡಿಸಲಾಯಿತು. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ರೂಪಿಸಿದ ಅದು 1ರಿಂದ 2.5 ಮೈಕ್ರಾನ್ ತರಂಗಾಂತರದ ಬೆಳಕನ್ನು ಗ್ರಹಿಸುತ್ತದೆ. ಆ ದೂರದರ್ಶಕವನ್ನು ನಮ್ಮ ಹೊಸಕೋಟೆಯಿಂದ ಉಪಗ್ರಹ ಸಂಪರ್ಕದ ಮೂಲಕ ನಡೆಸುವುದು ಕೋರಮಂಗಲದ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ. ಈ ಸಂಸ್ಥೆಯನ್ನು ಕಟ್ಟಿದವರು ಎಂ.ಕೆ. ವೈನು ಬಾಪು.

1927ರಲ್ಲಿ ಮದರಾಸಿನಲ್ಲಿ ಜನಿಸಿದ ಬಾಪು ಬೆಳೆದದ್ದು ಹೈದರಾಬಾದಿನಲ್ಲಿ. ತಂದೆ ಅಲ್ಲಿನ ನಿಜಾಮಿಯಾ ವೀಕ್ಷಣಾಲಯದ ಉದ್ಯೋಗಿ. ಹೈದರಾಬಾದ್ ಸರ್ಕಾರದ ವಿದ್ಯಾರ್ಥಿವೇತನ ಪಡೆದು ಹಾರ್ವರ್ಡ್‌ಗೆ ತೆರಳಿದ ಅವರು, 1949ರಲ್ಲಿ ಇಬ್ಬರು ಸಹೋದ್ಯೋಗಿಗಳೊಡನೆ ಧೂಮಕೇತುವೊಂದನ್ನು ಪತ್ತೆಮಾಡಿದರು. ನಕ್ಷತ್ರದ ರೋಹಿತದಲ್ಲಿನ ಕ್ಯಾಲ್ಸಿಯಂ ರೇಖೆಯ ಅಗಲದಿಂದ ಅದರ ನಿಜವಾದ ಪ್ರಕಾಶವನ್ನು ಅಳೆಯಬಹುದೆಂದು 1957ರಲ್ಲಿ ತೋರಿಸಿಕೊಟ್ಟ ವಿಲ್ಸನ್-ಬಾಪು ಪರಿಣಾಮ ಅವರಿಗೆ ಜಾಗತಿಕ ಖ್ಯಾತಿ ತಂದಿತು.

ಅಮೆರಿಕದಲ್ಲೇ ಉಳಿಯಬಹುದಾಗಿದ್ದ ಬಾಪು 1953ರಲ್ಲಿ ಮರಳಿದರು. ಉತ್ತರಪ್ರದೇಶದ ವೀಕ್ಷಣಾಲಯವನ್ನು ವಾರಾಣಸಿಯಿಂದ ನೈನಿತಾಲ್‌ಗೆ ಒಯ್ದರು. 1960ರಲ್ಲಿ ಕೊಡೈಕೆನಾಲ್‌ನ ಹೊಣೆ ಹೊತ್ತರು. ಬಳಿಕ ತಮಿಳುನಾಡಿನ ಜವಾದಿ ಬೆಟ್ಟಗಳ ಕಾವಲೂರನ್ನು ಆರಿಸಿ, 1968ರಲ್ಲಿ ಕೇವಲ 38 ಸೆಂಟಿಮೀಟರ್‌ನ ದೂರದರ್ಶಕದಿಂದ ಕೆಲಸ ಆರಂಭಿಸಿದರು. ಯುರೇನಸ್ ಗ್ರಹದ ಬಳೆಗಳು ಪತ್ತೆಯಾದ 1977ರ ವೀಕ್ಷಣೆಗಳಲ್ಲಿ ಕಾವಲೂರಿಗೂ ಪಾಲಿತ್ತು. 1971ರಲ್ಲಿ ಸ್ವಾಯತ್ತವಾದ ಸಂಸ್ಥೆಗೆ ಬೆಂಗಳೂರು ನೆಲೆಯಾಯಿತು. 2.34 ಮೀಟರ್ ದೂರದರ್ಶಕದ ಕನ್ನಡಿಯನ್ನು ಉಜ್ಜಿ ನಯಗೊಳಿಸಿದ್ದೂ ಇಲ್ಲಿಯೇ.

ಅದು ಪೂರ್ಣಗೊಳ್ಳುವುದನ್ನು ಬಾಪು ನೋಡಲಿಲ್ಲ. ಅಂತಾರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರಾಗಿದ್ದಾಗಲೇ, 1982ರ ಆಗಸ್ಟ್ 19ರಂದು ಮ್ಯೂನಿಕ್‌ನಲ್ಲಿ ನಿಧನರಾದರು. 1986ರಲ್ಲಿ ದೂರದರ್ಶಕಕ್ಕೆ ಅವರ ಹೆಸರಿಡಲಾಯಿತು.

ಸರ್ಕಾರಿ ಕಡತಗಳ ನಡುವೆ ವೃತ್ತಿಜೀವನ ಕಳೆದ ನಾನು ಈ ಬದುಕಿನಲ್ಲಿ ಕಾಣುವುದು ಆಡಳಿತದ ಪಾಠವೊಂದನ್ನು. ಫಲ ಕೈಸೇರುವ ಮುನ್ನವೇ ನೆಟ್ಟವರು ತೆರಳುವ ಯೋಜನೆಗಳಿಗೆ ವಾರ್ಷಿಕ ಆಯವ್ಯಯದ ಅಳತೆಗೋಲು ಸಾಲದು. ಹೆಸರು ಗಳಿಸಿದ ವಿಜ್ಞಾನಿಯೊಬ್ಬರು ತಮ್ಮ ಸಂಶೋಧನೆಯ ಸಮಯವನ್ನು ಸಂಸ್ಥೆ ಕಟ್ಟುವುದಕ್ಕೆ ತೆತ್ತರು. ಸರ್ಕಾರವೂ ತಾಳ್ಮೆಯಿಂದ ಬೆಂಬಲಿಸಿತು.

ಎಷ್ಟೇ ತಂಪಾದ ಕ್ಯಾಮೆರಾಕ್ಕೂ ಮೊದಲು ಬೇಕಾದುದು ಒಳ್ಳೆಯ ಆಕಾಶ. ನಮ್ಮ ಬಸವನಗುಡಿಯ ರಾತ್ರಿಯಲ್ಲಿ ಬೆರಳೆಣಿಕೆಯ ನಕ್ಷತ್ರಗಳೂ ಸಿಗುವುದು ಕಷ್ಟ. 2022ರಲ್ಲಿ ಹಾನ್ಲೆಯ ಆಕಾಶಕ್ಕೆ ಮೀಸಲು ಪ್ರದೇಶದ ರಕ್ಷಣೆ ದೊರೆಯಿತು. ಗಾಳಿ, ನೀರಿನಂತೆ ಕತ್ತಲೆಯೂ ಸಾರ್ವಜನಿಕ ಸ್ವತ್ತೆಂದು ಭಾವಿಸಿ ಅದನ್ನು ಕಾಯುವುದೇ ಬಾಪು ಅವರಿಗೆ ಸಲ್ಲಿಸಬಹುದಾದ ಗೌರವ.