ಪಡಿಯಿಂದ ದುಡಿಮೆಗೆ: ಕಮಲಾದೇವಿಯವರು ತೋರಿದ ದಾರಿ

ಸುರತ್ಕಲ್ಲಿಗೆ ಪೂರ್ವದಲ್ಲಿರುವ ಕಾಟಿಪಳ್ಳ, ಕೃಷ್ಣಾಪುರಗಳು ಪಣಂಬೂರಿನ ಬಂದರಿಗಾಗಿ ನೆಲ ಬಿಟ್ಟುಕೊಟ್ಟವರಿಗೆ ಆಸರೆಯಾದ ಊರುಗಳು. ಗದ್ದೆ, ಮನೆ ಕಳೆದುಕೊಂಡವನಿಗೆ ಪರಿಹಾರದ ಹಣ ಸಂದ ಮಾತ್ರಕ್ಕೆ ಬದುಕೂ ಸಂದಂತಾಯಿತೇ ಎಂಬ ಪ್ರಶ್ನೆ ಈ ನೆರೆಯಲ್ಲಿ ವಾಸಿಸುವ ನನ್ನನ್ನು ಬಹುಕಾಲದಿಂದ ಕಾಡಿದೆ. ಹಾಗೆ ಕಾಡಿದಾಗಲೆಲ್ಲ ನನಗೆ ನೆನಪಾಗುವುದು ಕಮಲಾದೇವಿ ಚಟ್ಟೋಪಾಧ್ಯಾಯರ ಜೀವನ. ಕರಕುಶಲ ಕಲೆಗಳ ಪುನರುಜ್ಜೀವನಕ್ಕೆ ದುಡಿದವರೆಂದು ಅವರನ್ನು ಎಲ್ಲರೂ ಬಲ್ಲರು. ನಿರಾಶ್ರಿತರ ನಡುವೆ ಅವರು ನಡೆಸಿದ ಪ್ರಯೋಗವನ್ನು ಬಲ್ಲವರು ಕಡಿಮೆ.

ಅವರು ಹುಟ್ಟಿದ್ದು 1903ರ ಏಪ್ರಿಲ್ 3ರಂದು, ಮಂಗಳೂರಿನಲ್ಲಿ. ತಂದೆ ಅನಂತಯ್ಯ ಧಾರೇಶ್ವರರು ಉನ್ನತ ಸರಕಾರಿ ಅಧಿಕಾರಿಗಳು, ತಾಯಿ ಗಿರಿಜಾಬಾಯಿ. ಕಮಲಾದೇವಿ ಬಾಲೆಯಾಗಿದ್ದಾಗಲೇ ತಂದೆ ಉಯಿಲು ಬರೆಯದೆ ತೀರಿಕೊಂಡರು. ಅಂದಿನ ಕಾನೂನಿನಂತೆ ಆಸ್ತಿಯೆಲ್ಲ ಮಲಮಗನ ಪಾಲಾಯಿತು. ತಾಯಿಗೆ ಉಳಿದದ್ದು ತಿಂಗಳ ಜೀವನಾಂಶವಷ್ಟೆ. ಗಿರಿಜಾಬಾಯಿಯವರು ಅದನ್ನು ನಿರಾಕರಿಸಿ, ತವರಿನಿಂದ ಬಂದ ಸೊತ್ತಿನ ಆಧಾರದಿಂದಲೇ ಹೆಣ್ಣುಮಕ್ಕಳನ್ನು ಸಾಕಿದರು. ಕೊಡುವ ಕೈ ಹಿಡಿತದ ಕೈಯೂ ಆಗಬಲ್ಲದೆಂಬ ಪಾಠವನ್ನು ಮಗಳು ಮನೆಯಲ್ಲೇ ಕಲಿತಿರಬೇಕೆಂದು ನಾನು ಭಾವಿಸುತ್ತೇನೆ.

ಬಾಲವೈಧವ್ಯ, ಮದರಾಸಿನ ವಿದ್ಯಾಭ್ಯಾಸ, ಹರೀಂದ್ರನಾಥರೊಡನೆ ಮರುವಿವಾಹ, 1926ರ ಮದರಾಸು ಶಾಸನಸಭೆಯ ಚುನಾವಣೆಯಲ್ಲಿ ಅತ್ಯಲ್ಪ ಮತಗಳ ಸೋಲು, 1930ರ ಉಪ್ಪಿನ ಸತ್ಯಾಗ್ರಹ, ಸೆರೆವಾಸ: ಇವೆಲ್ಲ ಪ್ರಸಿದ್ಧವಾದ ಸಂಗತಿಗಳು.

ದೇಶವಿಭಜನೆಯ ತರುವಾಯ ದಿಲ್ಲಿಯ ಸುತ್ತಲಿನ ಶಿಬಿರಗಳು ನಿರಾಶ್ರಿತರಿಂದ ತುಂಬಿದವು. ಸರಕಾರ ಅವರಿಗೆ ಪಡಿ ನೀಡಿತು. ಅದು ಅಗತ್ಯವಾಗಿತ್ತು, ಹಸಿದವನಿಗೆ ಮೊದಲು ಬೇಕಾದುದು ಅನ್ನವೇ ಹೊರತು ಉಪದೇಶವಲ್ಲ. ಆದರೆ ತಿಂಗಳುಗಟ್ಟಲೆ ಸಾಲಿನಲ್ಲಿ ನಿಂತು ಪಡೆದ ಪಡಿ ದುಡಿದು ಬಾಳಿದವರ ಚೈತನ್ಯವನ್ನು ಕುಗ್ಗಿಸುವುದನ್ನು ಕಮಲಾದೇವಿ ಕಂಡರು. 1948ರಲ್ಲಿ ಅವರ ನೇತೃತ್ವದಲ್ಲಿ ಭಾರತೀಯ ಸಹಕಾರಿ ಒಕ್ಕೂಟ ಸ್ಥಾಪನೆಯಾಯಿತು. ದಿಲ್ಲಿಯ ಸಮೀಪದ ಛತ್ತರ್‌ಪುರದಲ್ಲಿ ರೈತ ನಿರಾಶ್ರಿತರನ್ನು ಸಹಕಾರ ಸಂಘಗಳಲ್ಲಿ ಒಂದುಗೂಡಿಸಿ ಬೇಸಾಯಕ್ಕೆ ಹಚ್ಚಲಾಯಿತು.

ಇನ್ನೂ ದೊಡ್ಡ ಪರೀಕ್ಷೆ ನಡೆದುದು ಫರೀದಾಬಾದಿನಲ್ಲಿ. ವಾಯವ್ಯ ಗಡಿನಾಡಿನಿಂದ ಬಂದ ನಿರಾಶ್ರಿತರಿಗಾಗಿ ಅಲ್ಲಿ ಹೊಸ ಪಟ್ಟಣವೇ ಏಳಬೇಕಾಗಿತ್ತು. ಗುತ್ತಿಗೆದಾರರು ಮನೆ ಕಟ್ಟುವುದು, ನಿರಾಶ್ರಿತರು ಅಲ್ಲಿಯವರೆಗೆ ಪಡಿ ಉಂಡು ಕಾಯುವುದು: ಇದು ವಾಡಿಕೆಯ ಕ್ರಮ. ಕಮಲಾದೇವಿ ಮತ್ತು ಅವರ ಸಂಗಡಿಗರು ಇದನ್ನು ಒಪ್ಪಲಿಲ್ಲ. ಮನೆಯಲ್ಲಿ ವಾಸಿಸಬೇಕಾದವರೇ ಅದನ್ನು ಕಟ್ಟಲಿ, ಪಡಿಗೆ ವ್ಯಯವಾಗುವ ಹಣ ಕೂಲಿಯಾಗಿ ಅವರ ಕೈ ಸೇರಲಿ ಎಂಬುದು ಅವರ ನಿಲುವು. ಅಂಗಡಿಯಿಟ್ಟವರು, ಗುದ್ದಲಿ ಮುಟ್ಟದವರು ಕೂಡ ಮಣ್ಣು ಹೊತ್ತರು, ಗಾರೆಯ ಕೆಲಸ ಕಲಿತರು. ಪಟ್ಟಣದ ನಿರ್ಮಾಣದಲ್ಲಿ ಸಹಕಾರ ಸಂಘಗಳ ಮೂಲಕ ನಿರಾಶ್ರಿತರೇ ದುಡಿದರು.

ಈ ಯೋಜನೆಯ ಮರ್ಮವನ್ನು ಗಮನಿಸಬೇಕು. ಸೋಮಾರಿತನ ಬಿಡಿಸುವ ನೆವದಲ್ಲಿ ಅನ್ನವನ್ನು ಕಸಿಯುವುದು ಇದರ ತಿರುಳಾಗಿರಲಿಲ್ಲ. ಕೆಲಸ, ಅದರ ಕಲಿಕೆ, ಕೆಲಸವನ್ನು ಒಪ್ಪಿಕೊಳ್ಳುವ ಸಂಘ ಇವು ಮೂರೂ ನೆರವಿನ ಜೊತೆಯಲ್ಲೇ ಒದಗಬೇಕು. ನೆರವೆಂಬುದು ಸೇತುವೆಯಾದರೆ ಆಚೆಯ ದಡವೂ ಇರಬೇಕಷ್ಟೆ! ದಡವಿಲ್ಲದ ಕಡೆ ಸೇತುವೆಯನ್ನು ಕಿತ್ತು, ಜನ ದಾಟಲಿಲ್ಲವೆಂದು ದೂರುವುದು ನ್ಯಾಯವಲ್ಲ. ದಾಟಲಾರದ ಮುದುಕರಿಗೆ, ರೋಗಿಗಳಿಗೆ ಪಡಿ ನಿಲ್ಲಬಾರದೆಂಬುದೂ ಅಷ್ಟೇ ಸತ್ಯ.

ಫರೀದಾಬಾದಿನ ಕಥೆ ಪೂರ್ಣ ಗೆಲುವಿನದಲ್ಲ. ಕೆಲವೇ ವರ್ಷಗಳಲ್ಲಿ ಆಡಳಿತ ಇಲಾಖೆಯ ಕೈ ಸೇರಿತು. ಆಗತಾನೆ ಕೆಲಸ ಕಲಿತ ಸಂಘಗಳು ಪಳಗಿದ ಗುತ್ತಿಗೆದಾರರೊಡನೆ ಟೆಂಡರಿನಲ್ಲಿ ಸ್ಪರ್ಧಿಸಬೇಕಾಯಿತು, ಸೋತು ಸೊರಗಿದವು. ಜನರು ದುಡಿಯಲು ಹಿಂಜರಿದುದರಿಂದ ಹೀಗಾಗಲಿಲ್ಲ. ಅವರಿಗೆ ದೊರೆತಿದ್ದ ದುಡಿಮೆಯೇ ಕೈತಪ್ಪಿತು.

ಕಮಲಾದೇವಿ ಎದೆಗುಂದಲಿಲ್ಲ. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷೆಯಾಗಿ, ಕುಶಲಕರ್ಮಿಗೆ ದಾನಕ್ಕಿಂತ ಮಾರುಕಟ್ಟೆ ಬೇಕೆಂಬ ಅದೇ ತತ್ತ್ವವನ್ನು ಮುಂದುವರಿಸಿದರು. 1966ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ ಅವರಿಗೆ ಸಂದವು. 1988ರ ಅಕ್ಟೋಬರ್ 29ರಂದು ಅವರು ತೀರಿಕೊಂಡರು.

ಬಡವನಿಗೆ ಕೊಟ್ಟರೆ ಅವನು ದುಡಿಯುವನೋ ಇಲ್ಲವೋ ಎಂಬ ವಾದ ನಮ್ಮಲ್ಲಿ ಇಂದಿಗೂ ನಡೆಯುತ್ತಿದೆ. ಅವನ ಗುಣವನ್ನು ಅಳೆಯುವ ಮುನ್ನ, ಅವನಿಗೆ ಯಾವ ಕೆಲಸವನ್ನು ಒದಗಿಸಿದ್ದೇವೆಂದು ನಮ್ಮನ್ನು ನಾವು ಕೇಳಿಕೊಳ್ಳುವುದು ಲೇಸು.