ಕರ್ಮವೀರ ಭಾವೂರಾವ ಪಾಟೀಲರು

ಬಡವರ ಮಕ್ಕಳು ಓದಲೆಂದು ಪಟ್ಟಣಕ್ಕೆ ಬಂದರೆ ಉಣ್ಣುವುದೆಲ್ಲಿ, ಮಲಗುವುದೆಲ್ಲಿ ಎಂಬುದು ನಮ್ಮ ದೇಶದಲ್ಲಿ ಬಹುಕಾಲದ ಪ್ರಶ್ನೆಯಾಗಿದ್ದಿತು. ಕನ್ನಡನಾಡಿನಲ್ಲಿ ಅದಕ್ಕೆ ವಾರಾನ್ನವೆಂಬ ಏರ್ಪಾಡು ಇತ್ತು. ಸೋಮವಾರ ಒಬ್ಬರ ಮನೆ, ಮಂಗಳವಾರ ಮತ್ತೊಬ್ಬರ ಮನೆ, ಹೀಗೆ ಏಳು ಮನೆಗಳಲ್ಲಿ ಉಂಡು ಓದಿ ದೊಡ್ಡವರಾದವರ ಕಥೆಗಳನ್ನು ನೀವು ಹಿರಿಯರ ಬಾಯಿಂದ ಕೇಳಿರುವಿರಿ. ಮಹಾರಾಷ್ಟ್ರದಲ್ಲಿಯೂ ಇಂಥದೇ ಪದ್ಧತಿ ನಡೆದುಬಂದಿದ್ದಿತು. ಅದು ಪುಣ್ಯದ ಕೆಲಸವೇ ಸರಿ. ಆದರೆ ಜಾತಿಯನ್ನು ವಿಚಾರಿಸದೆ ಎಲೆ ಹಾಕುವ ಮನೆಗಳು ತೀರ ವಿರಳವಾಗಿದ್ದವು. ಕುರಿ ಕಾಯುವವನ ಮಗನಿಗೆ, ಊರ ಹೊರಗಿನ ಕೇರಿಯಲ್ಲಿ ಹುಟ್ಟಿದ ಹುಡುಗನಿಗೆ ಆ ಬಾಗಿಲುಗಳು ತೆರೆಯುತ್ತಿರಲಿಲ್ಲ. ಅಂಥ ಮಕ್ಕಳು ಒಂದೇ ಸೂರಿನಡಿಯಲ್ಲಿ ಕೂಡಿ ಬಾಳಿ, ತಮ್ಮ ಅನ್ನವನ್ನು ತಾವೇ ದುಡಿದು ಉಂಡು ಓದುವಂತೆ ಮಾಡಿದವರು ಭಾವೂರಾವ ಪಾಟೀಲರು.

1887ರ ಸೆಪ್ಟೆಂಬರ 22ರಂದು ಕೊಲ್ಲಾಪುರದ ಸೀಮೆಯ ಕುಂಭೋಜ ಎಂಬ ಗ್ರಾಮದಲ್ಲಿ, ಒಕ್ಕಲುತನದ ಜೈನ ಮನೆತನದಲ್ಲಿ ಅವರು ಜನಿಸಿದರು. ತಂದೆ ಪಾಯಗೊಂಡ ಪಾಟೀಲರು ಕಂದಾಯ ಖಾತೆಯಲ್ಲಿ ಕಾರಕೂನರು. ಮನೆತನದ ಹಿರಿಯರು ಹಿಂದೆ ನಮ್ಮ ಮೂಡಬಿದಿರೆಯ ಕಡೆಯಿಂದ ಬಂದವರೆಂದು ಅವರ ಚರಿತ್ರೆಯನ್ನು ಬರೆದವರು ಹೇಳುವುದುಂಟು. ಆದರೆ ಅವರ ಮಾತು ಮರಾಠಿ, ಅವರ ಕರ್ಮಭೂಮಿ ಸಾತಾರಾ.

ಬಾಲಕ ಭಾವೂರಾವನು ಓದಿನಲ್ಲಿ ಜಾಣನೆನಿಸಿಕೊಂಡವನಲ್ಲ. ಮೈಯಲ್ಲಿ ಕಸುವು ಬಹಳ, ಮನಸ್ಸಿನಲ್ಲಿ ಹಟ ಅದಕ್ಕಿಂತ ಹೆಚ್ಚು. ಕೊಲ್ಲಾಪುರದ ರಾಜಾರಾಮ ಹೈಸ್ಕೂಲಿಗೆ ಸೇರಿದಾಗ ಅವನ ವಾಸ ಜೈನ ಬೋರ್ಡಿಂಗಿನಲ್ಲಿ. ಅಲ್ಲಿಯ ಮೇಲ್ವಿಚಾರಕರು ಅಣ್ಣಾಸಾಹೇಬ ಲಠ್ಠೆ. ಮುಂದೆ ಬೆಳಗಾವಿಯಲ್ಲಿ ವಕೀಲಿ ಮಾಡಿ, 1937ರಲ್ಲಿ ಮುಂಬಯಿ ಪ್ರಾಂತದ ಅರ್ಥಮಂತ್ರಿಗಳಾದವರು. ಶಿಸ್ತಿನ ವಿಷಯದಲ್ಲಿ ಅವರದು ಬಿಗಿಯಾದ ಕೈ. ಅಸ್ಪೃಶ್ಯರೆನಿಸಿಕೊಂಡ ವಿದ್ಯಾರ್ಥಿಗಳಿಗಾಗಿ ಕೊಲ್ಲಾಪುರದಲ್ಲಿ ತೆರೆದ ವಸತಿಗೃಹದ ಸಮಾರಂಭಕ್ಕೆ ಭಾವೂರಾವನು ಹೋಗಿಬಂದನು. ಹಿಂದಿರುಗಿದ ಮೇಲೆ ಮೈಲಿಗೆ ಕಳೆಯಲು ಸ್ನಾನ ಮಾಡಬೇಕೆಂಬ ಮಾತು ಬಂದಿತು. ಅವನು ಒಪ್ಪಲಿಲ್ಲ. ಬೋರ್ಡಿಂಗಿನಿಂದ ಹೊರಗೆ ಹಾಕಿದರು. ಆಗ ಆಶ್ರಯವಿತ್ತವರು ಶಾಹು ಮಹಾರಾಜರು. ಆದರೂ ವಿದ್ಯೆ ಮುಂದುವರಿಯಲಿಲ್ಲ. ಮೆಟ್ರಿಕ್ ಪರೀಕ್ಷೆಯವರೆಗೆ ಅವರು ತಲುಪಲೇ ಇಲ್ಲ.

ಇಲ್ಲಿ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. 1914ರಲ್ಲಿ ಕೊಲ್ಲಾಪುರದಲ್ಲಿ ರಾಜಮನೆತನದವರ ವಿಗ್ರಹಕ್ಕೆ ಯಾರೋ ಡಾಂಬರು ಬಳಿದರು. ಆ ಆರೋಪದಲ್ಲಿ ಲಠ್ಠೆಯವರನ್ನು ಸಿಲುಕಿಸಲು ಅವರ ಎದುರಾಳಿಗಳು ಹವಣಿಸಿ, ಸುಳ್ಳು ಸಾಕ್ಷಿ ನುಡಿಯುವಂತೆ ಭಾವೂರಾವರನ್ನು ಬಲವಂತಪಡಿಸಿದರು. ತನ್ನನ್ನು ಬೋರ್ಡಿಂಗಿನಿಂದ ಹೊರಗೆ ಕಳಿಸಿದ ಮನುಷ್ಯನ ಮೇಲೆ ಸೇಡು ತೀರಿಸಿಕೊಳ್ಳಲು ಇದಕ್ಕಿಂತ ಸುಲಭವಾದ ಅವಕಾಶವೆಲ್ಲಿ? ಭಾವೂರಾವರು ಸಾಕ್ಷಿ ನುಡಿಯಲಿಲ್ಲ, ಸೆರೆಮನೆಯನ್ನು ಅನುಭವಿಸಿದರು.

ಹೊಟ್ಟೆಯ ಪಾಡಿಗಾಗಿ ಅವರು ಸಾತಾರೆಯಲ್ಲಿ ಮನೆಪಾಠ ಹೇಳಿದರು. ಓಗಲೆಯವರ ಗಾಜಿನ ಕಾರಖಾನೆಯ ಸರಕು ಮಾರಿದರು. ಬಳಿಕ ಕಿರ್ಲೋಸ್ಕರರ ಕಬ್ಬಿಣದ ನೇಗಿಲುಗಳ ಮಾರಾಟಕ್ಕಾಗಿ ಹಳ್ಳಿಹಳ್ಳಿ ತಿರುಗಿದರು. ಬೆಳಗಾವಿಯ ಒಂದು ಸೈಕಲ್ ಅಂಗಡಿಯಿಂದ ಬೆಳೆದು ನಿಂತ ಉದ್ಯಮವದು. ಮರದ ನೇಗಿಲನ್ನು ಬಿಟ್ಟು ಕಬ್ಬಿಣದ್ದನ್ನು ಹಿಡಿಯಲು ಒಕ್ಕಲಿಗರು ಒಪ್ಪುವುದು ಕಷ್ಟವಾಗಿದ್ದ ದಿನಗಳು. ಕಟ್ಟೆಯ ಮೇಲೆ ಕುಳಿತು ಅವರೊಡನೆ ಮಾತನಾಡುತ್ತ ಹೋದಂತೆ ಭಾವೂರಾವರ ಕಣ್ಣಿಗೆ ಬಿದ್ದದ್ದು ಬೇರೊಂದು ಬಡತನ. ರಸೀದಿಯಲ್ಲಿ ಏನು ಬರೆದಿದೆಯೆಂದು ತಿಳಿಯದೆ ಹೆಬ್ಬೆಟ್ಟು ಒತ್ತುವವನಿಗೆ ನೇಗಿಲೊಂದರಿಂದ ಏನಾದೀತು?

1919ರ ಅಕ್ಟೋಬರ 4ರಂದು ಕರಾಡದ ಹತ್ತಿರದ ಕಾಲೆ ಎಂಬ ಊರಿನಲ್ಲಿ ಅವರು ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. ರಯತ ಎಂಬ ಶಬ್ದವನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಆಲದ ಮರವು ಆ ಸಂಸ್ಥೆಯ ಲಾಂಛನವಾಯಿತು. 1924ರಲ್ಲಿ ಸಂಸ್ಥೆಯ ನೆಲೆ ಸಾತಾರೆಗೆ ಬಂದಿತು. ತಮ್ಮ ಮನೆಯಲ್ಲಿಯೇ ಕೆಲವು ಹುಡುಗರನ್ನು ಇಟ್ಟುಕೊಂಡು ಆರಂಭಿಸಿದ ಬೋರ್ಡಿಂಗಿನಲ್ಲಿ ಮಹಾರ, ಮರಾಠಾ, ಜೈನ, ಮುಸಲ್ಮಾನ ಎಂಬ ಭೇದವಿಲ್ಲದೆ ಮಕ್ಕಳು ಸೇರಿಕೊಂಡರು. 1927ರಲ್ಲಿ ಮಹಾತ್ಮಾ ಗಾಂಧಿಯವರು ಅಲ್ಲಿಗೆ ಬಂದು, ಆ ಮಕ್ಕಳು ಕೂಡಿ ಬಾಳುವುದನ್ನು ಕಂಡು ಸಂತೋಷಪಟ್ಟು, ಶ್ರೀ ಛತ್ರಪತಿ ಶಾಹು ಬೋರ್ಡಿಂಗ್ ಹೌಸ್ ಎಂದು ನಾಮಕರಣ ಮಾಡಿದರು.

ಹೆಸರು ದೊಡ್ಡದಾಯಿತೆಂದು ಹಗೇವಿನಲ್ಲಿ ಜೋಳ ತುಂಬಲಿಲ್ಲ. ಊರ ಹೆಣ್ಣುಮಕ್ಕಳು ದಿನವೂ ಬೀಸುವ ಮುಂಚೆ ಒಂದೊಂದು ಹಿಡಿ ಕಾಳನ್ನು ಬೇರೆ ತೆಗೆದಿಟ್ಟು ಬೋರ್ಡಿಂಗಿಗೆ ಕೊಡುವ ಮುಷ್ಟಿಫಂಡಿನಿಂದ ಒಂದಿಷ್ಟು ಬರುತ್ತಿತ್ತು. ಉಳಿದುದಕ್ಕೆ ಮಕ್ಕಳ ರಟ್ಟೆಯೇ ಆಧಾರ. ನೀರು ತರುವುದು, ಅಡಿಗೆ ಮಾಡುವುದು, ಪಾತ್ರೆ ತಿಕ್ಕುವುದು, ಕಸ ಗುಡಿಸುವುದು, ತೋಟದಲ್ಲಿ ಕಾಯಿಪಲ್ಲೆ ಬೆಳೆಯುವುದು ಎಲ್ಲವೂ ಅವರ ಪಾಲಿನ ಕೆಲಸ. ಆಳುಕಾಳು ಇರಲಿಲ್ಲ. ಹಣವಿಲ್ಲದ್ದರಿಂದ ಹುಟ್ಟಿದ ಏರ್ಪಾಡು ಎಂದು ಮೊದಲಿಗೆ ತೋರುತ್ತದೆ. ಅದು ನಿಜವೂ ಹೌದು. ಆದರೆ ಜಾತಿಯ ಕಟ್ಟು ಎಲ್ಲಕ್ಕಿಂತ ಬಿಗಿಯಾಗಿರುವುದು ಒಲೆಯ ಮುಂದೆ ಎಂಬುದನ್ನು ಭಾವೂರಾವರು ಅರಿತಿದ್ದರು. ಒಬ್ಬ ಮಹಾರ ಹುಡುಗ ತಟ್ಟಿದ ರೊಟ್ಟಿಯನ್ನು ಪಾಟೀಲನ ಮಗನು ಹಸಿವೆಯಿಂದ ಮುರಿದು ತಿಂದ ದಿನ, ಸಮತೆಯ ಮೇಲೆ ಹತ್ತು ಭಾಷಣ ಕೇಳಿದರೂ ಆಗದ ಕೆಲಸ ಆಗುತ್ತಿತ್ತು.

ಈ ಸಂಸಾರದ ತಾಯಿ ಭಾವೂರಾವರ ಪತ್ನಿ ಲಕ್ಷ್ಮೀಬಾಯಿ. ಆಕೆ ಮಡಿಮೈಲಿಗೆಯ ಮನೆಯಲ್ಲಿ ಬೆಳೆದವರು. ಎಲ್ಲ ಜಾತಿಯ ಮಕ್ಕಳು ತಮ್ಮ ಅಡಿಗೆಮನೆಗೆ ಬರತೊಡಗಿದಾಗ ಮೊದಮೊದಲು ಆಕೆಯ ಮನಸ್ಸು ಹಿಂಜರಿದದ್ದು ಸಹಜ. ಆದರೆ ಹಸಿದ ಮಕ್ಕಳ ಮುಖವನ್ನು ದಿನವೂ ನೋಡುತ್ತ ಆ ಹಿಂಜರಿಕೆ ಕರಗಿತು. ಜ್ವರ ಬಂದವನ ತಲೆಯ ಬಳಿ ಆಕೆಯೇ ಕುಳಿತಳು. ತವರಿನಿಂದ ತಂದ ಒಡವೆಗಳು ಒಂದೊಂದಾಗಿ ಬೋರ್ಡಿಂಗಿನ ಖರ್ಚಿಗೆ ಹೋದವು. ಕಾಳು ತೀರಿಹೋದ ಒಂದು ದಿನ ಮಾರಲು ಬೇರೇನೂ ಉಳಿದಿರಲಿಲ್ಲ. ಆಕೆ ಕೊರಳಿನ ಮಂಗಳಸೂತ್ರವನ್ನೇ ತೆಗೆದುಕೊಟ್ಟಳು. ಗಂಡ ಬದುಕಿರುವಾಗ ತಾಳಿ ತೆಗೆಯುವುದೆಂದರೆ ಆ ಕಾಲದ ಹೆಣ್ಣಿಗೆ ಎಂಥ ಮಾತೆಂಬುದನ್ನು ನಿಮ್ಮ ಅಜ್ಜಿಯರನ್ನು ಕೇಳಿ ತಿಳಿಯಿರಿ. ಅಂದು ಮಕ್ಕಳು ಉಂಡರು. 1930ರಲ್ಲಿ ಲಕ್ಷ್ಮೀಬಾಯಿ ತೀರಿಕೊಂಡರು. ಭಾವೂರಾವರ ಹೆಸರಿನಲ್ಲಿ ಇಂದು ಎಷ್ಟೋ ಕಟ್ಟಡಗಳಿವೆ. ಆಕೆಯ ಪಾಲು ಅವರ ಪಾಲಿಗಿಂತ ಕಡಿಮೆಯೆಂದು ನನಗೆ ತೋರುವುದಿಲ್ಲ.

ಮುಂದೆ ಸಂಸ್ಥೆ ಕೊಂಬೆಯೊಡೆಯಿತು. 1932ರಲ್ಲಿ ಪುಣೆಯಲ್ಲಿ ಯೂನಿಯನ್ ಬೋರ್ಡಿಂಗ್ ಹೌಸು, 1935ರಲ್ಲಿ ಸಾತಾರೆಯಲ್ಲಿ ಶಿಕ್ಷಕರ ತರಬೇತಿ ಕಾಲೇಜು, 1940ರಲ್ಲಿ ಮಹಾರಾಜಾ ಸಯಾಜಿರಾವ ಹೈಸ್ಕೂಲು ಆರಂಭವಾದವು. ಈ ಹೈಸ್ಕೂಲಿನಲ್ಲಿ ಫೀ ಇರಲಿಲ್ಲ. ವಾಸಕ್ಕೆ ಅಲ್ಲಿಯೇ ಅನುಕೂಲ. ದುಡಿಮೆಯೇ ಅದರ ಬೆಲೆ. 1947ರಲ್ಲಿ ಸಾತಾರೆಯ ಛತ್ರಪತಿ ಶಿವಾಜಿ ಕಾಲೇಜು ಪ್ರಾರಂಭವಾದಾಗ ಈ ಕ್ರಮವು ಕಾಲೇಜಿನ ವಸತಿಗೃಹಗಳಿಗೂ ಏರಿತು. ಪದವಿಗಾಗಿ ಓದುವ ತರುಣರು ನೆಲ ಅಗೆದರು, ಕಲ್ಲು ಒಡೆದರು, ಬೆಳೆ ತೆಗೆದರು. ಅದರಿಂದ ಅವರ ಓದಿನ ಖರ್ಚು ನಡೆಯಿತು. ಬೆಳಿಗ್ಗೆ ಗುದ್ದಲಿ ಹಿಡಿದವನಿಗೆ ರಾತ್ರಿ ಪುಸ್ತಕದ ಮೇಲೆ ಕಣ್ಣು ಮುಚ್ಚಿಬರುವುದಿಲ್ಲವೇ ಎಂದು ನೀವು ಕೇಳಬಹುದು. ಬಂದೇ ಬರುತ್ತಿತ್ತು. ಸಿರಿವಂತರ ಮಗನಿಗೆ ದೊರೆಯುವ ಬಿಡುವು ಅವರಿಗೆ ದೊರೆಯಲಿಲ್ಲವೆಂಬುದನ್ನು ಮರೆಮಾಚಬೇಕಾಗಿಲ್ಲ. ಹೊಲದಲ್ಲಿ ಒಂದೇ ಸಾಲಿನಲ್ಲಿ ಬಾಗಿ ನಿಂತವರು ಪರೀಕ್ಷೆಯ ಹೊತ್ತಿಗೆ ಒಬ್ಬರಿಗೊಬ್ಬರು ಪಾಠ ಹೇಳಿಕೊಟ್ಟುಕೊಂಡೇ ಆ ಕೊರತೆಯನ್ನು ತುಂಬಿಕೊಳ್ಳಬೇಕಾಗಿತ್ತು. ಭಾವೂರಾವರ ಆಶ್ರಯದಲ್ಲಿ ಬೆಳೆದ ಪಿ. ಜಿ. ಪಾಟೀಲರು ಬ್ಯಾರಿಸ್ಟರರಾಗಿ ಬಂದು ಇದೇ ಕಾಲೇಜಿನ ಪ್ರಾಚಾರ್ಯರಾದರು. ಬಳಿಕ ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾಲಯದ ಕುಲಪತಿಗಳಾದರು.

ಕಾಲೇಜಿನ ಹೆಸರನ್ನು ಬದಲಿಸಿದರೆ ದೊಡ್ಡ ಮೊತ್ತ ಕೊಡುವೆನೆಂದು ಒಬ್ಬ ಧನಿಕನು ಮುಂದೆ ಬಂದನಂತೆ. ಬೇಕಾದರೆ ತಮ್ಮ ತಂದೆಯ ಹೆಸರನ್ನು ಬದಲಿಸುವೆನೇ ಹೊರತು ಶಿವಾಜಿಯ ಹೆಸರನ್ನು ತೆಗೆಯಲಾರೆನೆಂದು ಹೇಳಿ ಭಾವೂರಾವರು ಅವನನ್ನು ಕಳಿಸಿಕೊಟ್ಟರೆಂದು ಸಾತಾರೆಯ ಜನ ಹೇಳುತ್ತಾರೆ. ಹಣದ ಅಗತ್ಯ ಇಲ್ಲದ ಸಮಯವಾಗಿರಲಿಲ್ಲ ಅದು. ಸರಕಾರವನ್ನು ಟೀಕಿಸಿದ್ದರಿಂದ 1948ರಲ್ಲಿ ಸಂಸ್ಥೆಯ ಅನುದಾನ ನಿಂತುಹೋಯಿತು. ವಸತಿಗೃಹಗಳಲ್ಲಿದ್ದ ಮಕ್ಕಳನ್ನು ಊರಿಗೆ ಕಳಿಸಿಬಿಡುವುದೇ ಎಂಬ ಪ್ರಶ್ನೆ ಎದ್ದು ನಿಂತಿತು. ಭಾವೂರಾವರು ಸರಕಾರದ ಬಾಗಿಲಿಗೆ ಹೋಗಲಿಲ್ಲ, ಜೋಳಿಗೆ ಹಿಡಿದು ಜನರ ಬಾಗಿಲಿಗೆ ಹೋದರು. ಕೊನೆಗೆ ಗಾಡಗೆ ಮಹಾರಾಜರು ಮುಖ್ಯಮಂತ್ರಿ ಬಾಳಾಸಾಹೇಬ ಖೇರರಲ್ಲಿ ಮಾತನಾಡಿದ ಮೇಲೆ ಅನುದಾನ ಮತ್ತೆ ಬಂದಿತು. 1954ರಲ್ಲಿ ಕರಾಡದಲ್ಲಿ ತೆರೆದ ಕಾಲೇಜಿಗೆ ಆ ಸಂತರ ಹೆಸರನ್ನೇ ಇಟ್ಟರು.

ಗಾಂಧೀಜಿಯವರ ಮರಣಾನಂತರ ಅವರ ಹೆಸರಿನಲ್ಲಿ 101 ಹೈಸ್ಕೂಲುಗಳನ್ನು ತೆರೆಯುವೆನೆಂದು ಭಾವೂರಾವರು ಸಂಕಲ್ಪ ಮಾಡಿದ್ದರು. ಅವರ ಕಣ್ಣೆದುರಿನಲ್ಲಿಯೇ ಸಂಸ್ಥೆಯ ಹೈಸ್ಕೂಲುಗಳ ಸಂಖ್ಯೆ ನೂರನ್ನು ದಾಟಿತು. ಮೆಟ್ರಿಕ್ ಮುಗಿಸದ ಈ ಮನುಷ್ಯನಿಗೆ 1959ರಲ್ಲಿ ಪುಣೆಯ ವಿಶ್ವವಿದ್ಯಾಲಯವು ಡಿ. ಲಿಟ್. ಪದವಿಯನ್ನೂ, ಭಾರತ ಸರಕಾರವು ಪದ್ಮಭೂಷಣವನ್ನೂ ಇತ್ತವು. ಜನರು ಇದಕ್ಕೆ ಬಹಳ ಮೊದಲೇ ಅವರನ್ನು ಕರ್ಮವೀರರೆಂದು ಕರೆಯುತ್ತಿದ್ದರು. ಅದೇ ವರ್ಷ ಮೇ 9ರಂದು ಪುಣೆಯಲ್ಲಿ ಅವರು ದೇಹ ಬಿಟ್ಟರು.

ಪುಣೆಯ ವಿಶ್ವವಿದ್ಯಾಲಯದಲ್ಲಿಯೂ ಅದರ ಕಾಲೇಜುಗಳಲ್ಲಿಯೂ ದುಡಿಯುತ್ತ ಕಲಿಯುವ ಯೋಜನೆಯೊಂದು ಅವರ ಹೆಸರಿನಲ್ಲಿ ನಡೆಯುತ್ತಿದೆ. ಪಾಠಗಳು ಮುಗಿದ ಮೇಲೆ ಹಳ್ಳಿಗಳಿಂದ ಬಂದ ಹುಡುಗ ಹುಡುಗಿಯರು ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುತ್ತಾರೆ, ತೋಟಕ್ಕೆ ನೀರು ಬಿಡುತ್ತಾರೆ, ಕಚೇರಿಯ ಕಾಗದಪತ್ರ ನೋಡಿಕೊಳ್ಳುತ್ತಾರೆ. ತಾಸಿನ ಲೆಕ್ಕದಲ್ಲಿ ಬಂದ ಹಣದಿಂದ ಊಟದ ಬಿಲ್ಲು ಕಟ್ಟುತ್ತಾರೆ.